"ಡಾಲ್ಫಿನ್ ಕಂಡುಬಂದಿಲ್ಲ" ಎಂದು ವರದಿ ಬರುವ ಮೊದಲು: ಕಡಲ ಕರೆಯವರಿಗೊಂದು ಮಾರ್ಗದರ್ಶಿ

ಗಾಳಿ ಇನ್ನೂ ಏಳದ ಬೆಳಗ್ಗೆ ಶಿರಿಯ ನದಿ ಕಡಲು ಸೇರುವ ಅಳಿವೆಯ ಹತ್ತಿರ ನಿಂತರೆ ಮೊದಲು ಕೇಳುವುದು ಒಂದು ಉಸಿರು. "ಪುಸ್" ಅಂತ. ಆ ಕಡೆ ತಿರುಗುವಷ್ಟರಲ್ಲಿ ಬೂದು ಬೆನ್ನೊಂದು ಮೇಲೆ ಬಂದು, ಬೆನ್ನಿನ ಉಬ್ಬು ತೋರಿಸಿ, ನಿಧಾನವಾಗಿ ಒಳಗೆ ಹೋಗಿರುತ್ತದೆ. ನೀರಿನ ಮೇಲೆ ಒಂದು ಸುತ್ತು ಮಾತ್ರ ಉಳಿದಿರುತ್ತದೆ. ಅರ್ಧ ನಿಮಿಷ ಅಲುಗದೆ ಕಾದರೆ ಇನ್ನೊಂದು ಉಸಿರು, ಸ್ವಲ್ಪ ತೆಂಕಕ್ಕೆ.

ಕಡಲಿನ ಒಂದು ಕಾಮಗಾರಿಗೆ ತಯಾರಾದ ಪರಿಸರ ವರದಿಯನ್ನು ಒಮ್ಮೆ ಕೂತು ಓದಿದೆ. ನೂರಾರು ಪುಟ. ಡಾಲ್ಫಿನ್ ಬಗ್ಗೆ ಇದ್ದದ್ದು ಒಂದೇ ಸಾಲು: ಅಧ್ಯಯನದ ಅವಧಿಯಲ್ಲಿ ಕಡಲ ಸಸ್ತನಿಗಳು ಕಂಡುಬಂದಿಲ್ಲ. ಯಾರು ನೋಡಿದರು, ಎಷ್ಟು ದಿನ ನೋಡಿದರು ಅಂತ ಹುಡುಕಿದೆ. ನೀರಿನ ಮಾದರಿ ತುಂಬಿಸಲು ದೋಣಿಯಲ್ಲಿ ಹೋದವರು ಮೂರು ದಿನ ಕಡಲಲ್ಲಿದ್ದರು, ಅಷ್ಟೇ. ಅವರ ಕಣ್ಣು ಬಾಟಲಿ ಮೇಲಿತ್ತು. ಆದರೆ ಮುಂದಿನ ಅಧ್ಯಾಯಕ್ಕೆ ಬರುವಾಗ "ಕಂಡುಬಂದಿಲ್ಲ" ಅನ್ನುವುದು "ಇಲ್ಲ" ಆಗಿತ್ತು. ಅದರ ಮುಂದಿನ ಅಧ್ಯಾಯದಲ್ಲಿ "ಪರಿಣಾಮ ಇಲ್ಲ" ಆಗಿತ್ತು.

ಈ ಲೇಖನ ಬರೆಯುವುದು ಆ ಒಂದು ಸಾಲಿಗಾಗಿ. ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಬೇಕಲದ ತನಕ ಕಡಲ ಕರೆಯಲ್ಲಿ, ಅಂದರೆ ದಡದಲ್ಲಿ, ಇರುವ ಮೇಷ್ಟ್ರುಗಳು, ಕಾಲೇಜು ಮಕ್ಕಳು, ಮೀನುಗಾರ ಸಂಘದವರು, ಪಂಚಾಯತ್ ಸದಸ್ಯರು ಈ ಕೆಲಸ ಮಾಡಬಹುದು. ಒಂದು ಬೈನಾಕ್ಯುಲರ್, ಒಂದು ನೋಟ್‌ಬುಕ್, ಒಂದು ವಾಚು ಸಾಕು. ಬಂದರು, ಜೆಟ್ಟಿ, ಅಲೆ ತಡೆಯುವ ಬ್ರೇಕ್‌ವಾಟರ್, ಕಾರ್ಖಾನೆಯ ನೀರು ಬಿಡುವ ಪೈಪ್‌ಲೈನ್, ಏನೇ ಬರಲಿ, ಬರುವ ಮೊದಲು ಇಲ್ಲಿ ಏನಿತ್ತು ಅನ್ನುವ ಲೆಕ್ಕ ನಮ್ಮ ಕೈಯಲ್ಲಿರಬೇಕು. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಲ್ಲಿ ವರ್ಷಗಟ್ಟಲೆ ಎಂಡೋಸಲ್ಫಾನ್ ಕೀಟನಾಶಕ ಸುರಿದ ಜಿಲ್ಲೆ ನಮ್ಮದು. ಆಗಿಹೋದ ಮೇಲೆ ಪುರಾವೆ ಹೊಂದಿಸುವುದು ಎಷ್ಟು ಕಷ್ಟ ಅಂತ ನಮಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಯಾರಿದ್ದಾರೆ ಅಂತ ಮೊದಲು ಗುರುತು ಹಿಡಿಯಿರಿ

ಕರೆಗೆ ಹತ್ತಿರ ಮುಖ್ಯವಾಗಿ ಎರಡು ಪ್ರಾಣಿಗಳನ್ನು ಗುರುತಿಸಲು ಕಲಿತರೆ ಅರ್ಧ ಕೆಲಸ ಆದ ಹಾಗೆ.

ಒಂದು, ಗೂನು ಬೆನ್ನಿನ ಡಾಲ್ಫಿನ್. ಇಂಗ್ಲಿಷಿನಲ್ಲಿ ಹಂಪ್‌ಬ್ಯಾಕ್ ಡಾಲ್ಫಿನ್ ಅನ್ನುತ್ತಾರೆ. ಉದ್ದ ಎರಡೂವರೆ ಮೀಟರ್‌ನ ಆಸುಪಾಸು. ಉಸಿರಿಗೆ ಬರುವಾಗ ಉದ್ದ ಮೂತಿ ಮೊದಲು ಮೇಲೆ ಬರುತ್ತದೆ, ಆಮೇಲೆ ಬೆನ್ನಿನ ಉಬ್ಬು, ಉಬ್ಬಿನ ತುದಿಯಲ್ಲಿ ಚಿಕ್ಕ ರೆಕ್ಕೆ. ಇದು ಆಳ ಕಡಲಿನ ಪ್ರಾಣಿಯಲ್ಲ. ಅಳಿವೆ ಬಾಗಿಲು, ಕರೆಗೆ ಅಂಟಿದ ಆಳವಿಲ್ಲದ ನೀರು, ಇದೇ ಅದರ ಮನೆ. ಬಂದರು ಕಟ್ಟಲು ನಾವು ಹುಡುಕುವ ಜಾಗವೂ ಅದೇ ಅಲ್ವಾ? ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಇದು ಅಳಿವಿನಂಚಿನ ಪ್ರಾಣಿ. ತಾಯಿ ಒಂದು ಮರಿ ಹಾಕಿದರೆ ಮುಂದಿನದಕ್ಕೆ ಸುಮಾರು ಮೂರು ವರ್ಷ ಬೇಕು. ಹಾಗಾಗಿ ಹತ್ತು ಹೋದರೆ ಹತ್ತು ತುಂಬಲು ಬಹಳ ಕಾಲ ಹಿಡಿಯುತ್ತದೆ.

ಇನ್ನೊಂದು, ಬೆನ್ನಿಗೆ ರೆಕ್ಕೆಯೇ ಇಲ್ಲದ ಫಿನ್‌ಲೆಸ್ ಪಾರ್ಪಾಯಿಸ್. ಒಂದೂವರೆ ಮೀಟರ್ ಉದ್ದ, ಉರುಟು ತಲೆ, ಮೂತಿ ಇಲ್ಲ, ಕಪ್ಪು ಬೂದು ಬಣ್ಣ. ಮಲಯಾಳದಲ್ಲಿ ಕಡಲ್‌ಪನ್ನಿ, ಅಂದರೆ ಕಡಲ ಹಂದಿ ಅನ್ನುವುದು ಇಂಥವನ್ನೇ. ಹಾರುವುದಿಲ್ಲ, ದೋಣಿ ಜೊತೆ ಆಡುವುದಿಲ್ಲ. ನೀರಿನಲ್ಲಿ ಒಂದು ಟಯರ್ ಉರುಳಿದ ಹಾಗೆ ಬೆನ್ನು ಕಂಡು ಮಾಯವಾಗುತ್ತದೆ. ಸಣ್ಣ ಅಲೆ ಇದ್ದರೂ ಕಾಣುವುದಿಲ್ಲ. ವರದಿಗಳಲ್ಲಿ ಎಲ್ಲರಿಗಿಂತ ಜಾಸ್ತಿ ತಪ್ಪಿಹೋಗುವುದು ಇದೇ.

ಇವಲ್ಲದೆ ಬಾಟಲ್‌ನೋಸ್ ಡಾಲ್ಫಿನ್ ಇದೆ. ಅದಕ್ಕೆ ಉಬ್ಬಿಲ್ಲ, ಕುಡುಗೋಲಿನ ಹಾಗೆ ಬಾಗಿದ ದೊಡ್ಡ ರೆಕ್ಕೆ. ಮೇಲೆ ಹಾರಿ ಬುಗುರಿಯ ಹಾಗೆ ತಿರುಗುವ ಸ್ಪಿನ್ನರ್ ಡಾಲ್ಫಿನ್ ಇದೆ, ಅದು ಹೆಚ್ಚಾಗಿ ಆಳಕ್ಕೆ ಹೋಗುವ ಬೋಟಿನವರಿಗೆ ಸಿಗುತ್ತದೆ. ತಿಮಿಂಗಿಲಗಳೂ ಇವೆ. ಗುರುತು ಸಿಗದಿದ್ದರೆ "ಡಾಲ್ಫಿನ್, ಜಾತಿ ಗೊತ್ತಾಗಲಿಲ್ಲ" ಅಂತಲೇ ಬರೆಯಿರಿ. ಊಹೆ ಬರೆದ ಒಂದು ಸಾಲು ಇಡೀ ಪುಸ್ತಕದ ಮೇಲಿನ ನಂಬಿಕೆ ಕೆಡಿಸುತ್ತದೆ.

ಕರೆಯಲ್ಲಿ ಕೂತು ಎಣಿಸುವುದು

ಇದೇ ಮುಖ್ಯ ಕೆಲಸ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಜಾಗ ಎತ್ತರದಲ್ಲಿರಲಿ. ಕಣ್ಣು ನೀರಿನಿಂದ 2 ಮೀಟರ್ ಎತ್ತರದಲ್ಲಿದ್ದರೆ ಬಾನಂಚು ಸುಮಾರು 5 ಕಿಲೋಮೀಟರ್ ದೂರ. 20 ಮೀಟರ್ ಎತ್ತರಕ್ಕೆ ಹತ್ತಿದರೆ ಅದು 16 ಕಿಲೋಮೀಟರ್ ಆಗುತ್ತದೆ. ಅಷ್ಟು ದೂರದ ಬೆನ್ನು ಯಾರಿಗೂ ಕಾಣದು, ಅದು ಬೇರೆ ಮಾತು. ಆದರೆ ಎತ್ತರದಿಂದ ನೋಡಿದರೆ ಅಲೆಗಳ ನಡುವಿನ ನೀರೂ ಕಾಣುತ್ತದೆ, ದೂರ ಅಂದಾಜು ಮಾಡುವುದೂ ಸುಲಭ. ಬೇಕಲ ಕೋಟೆಯ ಬುರುಜಿನಂಥ ಜಾಗ ಎಲ್ಲ ಊರಿನಲ್ಲೂ ಇರುವುದಿಲ್ಲ. ಕರೆಯ ಪಕ್ಕದ ಮನೆಯ ತಾರಸಿ, ಶಾಲೆಯ ಮಾಳಿಗೆ ಆದರೂ ಆಗುತ್ತದೆ. ಒಮ್ಮೆ ಆರಿಸಿದ ಜಾಗ ಬದಲಿಸಬೇಡಿ.

ದೂರ ಗುರುತು ಮಾಡಿಕೊಳ್ಳಲು ಒಂದು ಸುಲಭ ಉಪಾಯ ಇದೆ. ಪರಿಚಯದ ದೋಣಿಯವರೊಬ್ಬರಿಗೆ ನೇರ ಪಡುವಣಕ್ಕೆ ಹೋಗಲು ಹೇಳಿ. ಫೋನಿನ ಜಿಪಿಎಸ್ ನೋಡಿಕೊಂಡು 500 ಮೀಟರ್‌ಗೊಮ್ಮೆ ನಿಂತು ಫೋನ್ ಮಾಡಲಿ. ನೀವು ಮಾಳಿಗೆಯಲ್ಲಿ ಕೋಲೊಂದನ್ನು ಕೈ ಚಾಚಿ ನೆಟ್ಟಗೆ ಹಿಡಿದು, ಬಾನಂಚಿನಿಂದ ದೋಣಿ ಎಷ್ಟು ಕೆಳಗಿದೆ ಅಂತ ಪೆನ್ನಿನಲ್ಲಿ ಗೆರೆ ಹಾಕಿ. 500, 1000, 1500, 2000. ಆ ಕೋಲು ಮುಂದೆ ನಿಮ್ಮ ಅಳತೆಗೋಲು. ದಿಕ್ಕಿಗೆ ಫೋನಿನ ಕಂಪಾಸ್ ಸಾಕು.

ಸಮಯ ಬೆಳಗ್ಗೆ. ಗಾಳಿ ಏಳುವ ಮೊದಲಿನ ಎರಡು ಗಂಟೆ. ಒಬ್ಬರೇ ಎರಡು ಗಂಟೆ ಬೈನಾಕ್ಯುಲರ್ ಹಿಡಿದರೆ ಕಣ್ಣು ಸೋಲುತ್ತದೆ. ಇಬ್ಬರಿರಲಿ, ಅರ್ಧ ಗಂಟೆಗೊಮ್ಮೆ ಬದಲಾಯಿಸಿ. ಬಡಗಿನಿಂದ ತೆಂಕಕ್ಕೆ ಹತ್ತು ನಿಮಿಷ ನಿಧಾನವಾಗಿ ನೋಡುತ್ತಾ ಬನ್ನಿ, ಐದು ನಿಮಿಷ ಬಿಡಿ, ಮತ್ತೆ ಶುರು ಮಾಡಿ.

ಪುಸ್ತಕದಲ್ಲಿ ಏನು ಬರೆಯಬೇಕು? ದಿನಾಂಕ, ಶುರು ಮಾಡಿದ ಗಂಟೆ, ಮುಗಿಸಿದ ಗಂಟೆ. ಕಡಲು ಹೇಗಿತ್ತು: ಎಣ್ಣೆ ಹಾಕಿದ ಹಾಗೆ ನುಣ್ಣಗಿತ್ತಾ, ಸಣ್ಣ ಅಲೆಯಾ, ಬಿಳಿ ನೊರೆ ಅಲ್ಲಲ್ಲಿ ಎದ್ದಿತ್ತಾ. ನೊರೆ ಎಲ್ಲ ಕಡೆ ಎದ್ದರೆ ಆ ದಿನ ಎಣಿಕೆ ನಿಲ್ಲಿಸಿ. ಬೆನ್ನು ಕಂಡರೆ ಗಂಟೆ, ದಿಕ್ಕು, ದೂರ, ಎಷ್ಟು, ಮರಿ ಇತ್ತಾ, ಏನು ಮಾಡುತ್ತಿತ್ತು. ನೀರಿನಲ್ಲಿ ಎಷ್ಟು ಬೋಟು, ಎಲ್ಲಿ ಬಲೆ ಹಾಕಿದ್ದರು. ಹಕ್ಕಿಗಳು ಒಂದೇ ಕಡೆ ಮುಗಿಬಿದ್ದಿದ್ದವಾ.

ಏನೂ ಕಾಣದ ದಿನವನ್ನೂ ಬರೆಯಲೇಬೇಕು. ಇದು ಎಲ್ಲರೂ ಮಾಡುವ ತಪ್ಪು. ಡಾಲ್ಫಿನ್ ಕಂಡ ದಿನ ಖುಷಿಯಿಂದ ಬರೆಯುತ್ತೇವೆ, ಕಾಣದ ದಿನ ಪುಸ್ತಕ ಮುಚ್ಚುತ್ತೇವೆ. ಆಮೇಲೆ ಲೆಕ್ಕ ಹಾಕಲು ಏನೂ ಇರುವುದಿಲ್ಲ. 40 ಗಂಟೆ ನೋಡಿ 12 ಗುಂಪು ಕಂಡರೆ ಗಂಟೆಗೆ 0.3 ಗುಂಪು. ಕಾಮಗಾರಿ ಶುರುವಾದ ಮೇಲೆ ಅದೇ ಜಾಗ, ಅದೇ ಹೊತ್ತು, ಅಂಥದ್ದೇ ನೀರಿನಲ್ಲಿ 40 ಗಂಟೆ ನೋಡಿ 3 ಗುಂಪು ಕಂಡರೆ ಆಗ ಅದೊಂದು ಮಾತು. ನೋಡಿದ ಗಂಟೆಗಳ ಲೆಕ್ಕ ಇಲ್ಲದಿದ್ದರೆ "ಮೊದಲು ಜಾಸ್ತಿ ಇತ್ತು ಸಾರ್" ಅನ್ನುವ ಮಾತು ಮಾತ್ರ ಉಳಿಯುತ್ತದೆ. ಆ ಮಾತನ್ನು ಸಭೆಯಲ್ಲಿ ಯಾರೂ ಬರೆದುಕೊಳ್ಳುವುದಿಲ್ಲ.

ಇನ್ನೊಂದು ಜಾಗವೂ ಬೇಕು. ಕಾಮಗಾರಿ ಬರುವ ಅಳಿವೆಯ ಜೊತೆಗೆ, ಅದರ ಸದ್ದು ಮುಟ್ಟದಷ್ಟು ದೂರದ ಇನ್ನೊಂದು ಅಳಿವೆಯಲ್ಲೂ ಇದೇ ರೀತಿ ಎಣಿಸಿ. ಎರಡೂ ಕಡೆ ಕಡಿಮೆಯಾದರೆ ಕಾರಣ ಬೂತಾಯಿ ಮೀನು ಬಾರದ ವರ್ಷ ಇರಬಹುದು. ಒಂದೇ ಕಡೆ ಕಡಿಮೆಯಾದರೆ ಕಾಮಗಾರಿಯ ಕಡೆ ಬೆರಳು ತೋರಿಸಬಹುದು. ಈ ಹೋಲಿಕೆ ಇಲ್ಲದ ಅಧ್ಯಯನ ಎಷ್ಟು ದಪ್ಪ ಇದ್ದರೂ ಅರ್ಧವೇ. ನಮ್ಮ ಜಿಲ್ಲೆಗೆ ಇದರಲ್ಲಿ ಒಂದು ಅನುಕೂಲ ಇದೆ: ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಅಂತ ಸಾಲಾಗಿ ನದಿ ಬಾಗಿಲುಗಳು. ಜೋಡಿ ಹುಡುಕಲು ದೂರ ಹೋಗಬೇಕಾಗಿಲ್ಲ.

ಮಳೆಗಾಲದ ತಿಂಗಳು ಕರೆಯಿಂದ ಎಣಿಸಲು ಆಗುವುದಿಲ್ಲ. ಆ ಪುಟ ಖಾಲಿ ಬಿಡಿ, ಸೊನ್ನೆ ಹಾಕಬೇಡಿ. ನೀರಿನ ಕೆಳಗೆ ಇಟ್ಟು ಡಾಲ್ಫಿನ್‌ಗಳ ಕ್ಲಿಕ್ ಸದ್ದನ್ನು ರಾತ್ರಿ ಹಗಲು ದಾಖಲಿಸುವ ಎಫ್-ಪಾಡ್‌ನಂಥ ಯಂತ್ರಗಳಿವೆ. ಅದು ನಮ್ಮ ಕೈಗೆ ಎಟುಕುವ ಖರ್ಚಲ್ಲ. ಆದರೆ ಕೋಟಿಗಟ್ಟಲೆ ಯೋಜನೆ ತರುವವರಿಗೆ ಎಟುಕುತ್ತದೆ. ಅದನ್ನು ಕೇಳಿ ಪಡೆಯಬೇಕು.

ಬಲೆ ಹಾಕುವವರ ಹತ್ತಿರ ಕೇಳುವುದು

ನಾವು ಎರಡು ವರ್ಷ ಕೂತು ನೋಡುವುದಕ್ಕಿಂತ ಜಾಸ್ತಿ ಅವರು ಒಂದು ತಿಂಗಳಲ್ಲಿ ನೋಡಿರುತ್ತಾರೆ. ಆದರೆ ಕೇಳುವ ರೀತಿ ಇದೆ.

"ಡಾಲ್ಫಿನ್ ಕಡಿಮೆ ಆಗಿದೆ ಅಲ್ವಾ ಅಣ್ಣ?" ಅಂತ ಕೇಳಿದರೆ ಅವರು ಹೌದು ಅನ್ನುತ್ತಾರೆ. ಸುಮ್ನೆ ನಮ್ಮ ಮನಸ್ಸಿಗೆ ಬೇಜಾರಾಗಬಾರದು ಅಂತ. ಅದರ ಬದಲು ಫೋಟೊ ಮುಂದಿಡಿ: ಇದರಲ್ಲಿ ಯಾವುದನ್ನು ಕಂಡಿದ್ದೀರಿ? ಎಷ್ಟು ಮಾರು ನೀರಿನಲ್ಲಿ? ಕಂತಬಲೆ ಹಾಕುವಾಗಲಾ, ಎಳೆಯುವಾಗಲಾ? ನಡುವೆ ನಮ್ಮ ಕಡಲಿನಲ್ಲಿ ಇಲ್ಲದ ಪ್ರಾಣಿಯ ಫೋಟೊ ಒಂದನ್ನು ಸೇರಿಸಿ. ಅದನ್ನೂ "ಕಂಡಿದ್ದೇನೆ" ಅಂದರೆ ಆ ಉತ್ತರಗಳನ್ನು ಸ್ವಲ್ಪ ಎಚ್ಚರದಿಂದ ಬಳಸಿ.

ಇಸವಿ ಕೇಳಬೇಡಿ, ಯಾರಿಗೂ ನೆನಪಿರುವುದಿಲ್ಲ. ಸುನಾಮಿಗಿಂತ ಮೊದಲಾ ಆಮೇಲಾ, ಓಖಿ ಚಂಡಮಾರುತ ಬಂದಾಗ ಹೇಗಿತ್ತು, ತೌಕ್ತೆ ಚಂಡಮಾರುತ ಆದ ಮೇಲೆ ಹೇಗೆ ಅಂತ ಕೇಳಿ. ಅಲ್ಲಿಗೆ 2004, 2017, 2021 ತಾನಾಗಿ ಸಿಕ್ಕಿತು.

ಬಲೆಗೆ ಬಿದ್ದು ಸತ್ತದ್ದರ ಬಗ್ಗೆ ಕೇಳುವಾಗ ಜಾಸ್ತಿ ಎಚ್ಚರ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಡಾಲ್ಫಿನ್, ತಿಮಿಂಗಿಲಗಳೆಲ್ಲ ಒಂದನೇ ಷೆಡ್ಯೂಲಿನಲ್ಲಿವೆ, ಹುಲಿ ಆನೆಗಳ ಸಾಲಿನಲ್ಲಿ. ಕೇಸಾಗುತ್ತದೆ ಅನ್ನುವ ಹೆದರಿಕೆ ಮೀನುಗಾರರಿಗೆ ಇದ್ದೇ ಇದೆ. ಹೆಸರು, ದೋಣಿಯ ನಂಬರು ಬರೆಯಬೇಡಿ, ಬರೆಯುವುದಿಲ್ಲ ಅಂತ ಮೊದಲೇ ಹೇಳಿ. ಕಾಮಗಾರಿಯ ಪರಿಣಾಮದ ಮಾತು ಬರುವಾಗ ಡಾಲ್ಫಿನ್ ಮತ್ತು ಮೀನುಗಾರ ಒಂದೇ ಕಡೆ ನಿಂತಿರುತ್ತಾರೆ. ಅವರನ್ನು ಅಪರಾಧಿಯ ಹಾಗೆ ಕೂರಿಸಿ ಪ್ರಶ್ನೆ ಕೇಳಿದರೆ ಆ ಸ್ನೇಹ ಅಲ್ಲಿಗೇ ಮುಗಿಯಿತು.

ದಡಕ್ಕೆ ಬಿದ್ದ ದೇಹ

ಸತ್ತದ್ದು ಸಿಕ್ಕಿದರೆ ಮೊದಲು ಅರಣ್ಯ ಇಲಾಖೆಗೆ ತಿಳಿಸಿ. ಹಲ್ಲು, ಮೂಳೆ ಏನನ್ನೂ ಎತ್ತಿಕೊಳ್ಳಬೇಡಿ, ಅದು ಅಪರಾಧ. ಪಕ್ಕದಲ್ಲಿ ಚಪ್ಪಲಿಯೋ ಪೆನ್ನೋ ಅಳತೆಗೆ ಇಟ್ಟು ಇಡೀ ದೇಹ, ತಲೆ, ರೆಕ್ಕೆ, ಹೊಟ್ಟೆ, ಬಾಲದ ಫೋಟೊ ತೆಗೆಯಿರಿ. ಮೇಲಿನ ದವಡೆಯ ತುದಿಯಿಂದ ಬಾಲದ ನಡುವಿನ ಕಚ್ಚಿನ ತನಕ ಟೇಪನ್ನು ನೇರವಾಗಿ ಹಿಡಿದು ಅಳೆಯಿರಿ, ಹೊಟ್ಟೆಯ ಉಬ್ಬಿನ ಮೇಲೆ ಎಳೆಯಬೇಡಿ. ಬಾಯಿ ಮೂಲೆ, ಕೈರೆಕ್ಕೆಯ ಬುಡದಲ್ಲಿ ಸಣ್ಣ ದಾರದ ಗೆರೆ ಇದ್ದರೆ ಬಲೆ. ಸಾಲಾಗಿ ಒಂದರ ಪಕ್ಕ ಒಂದು ಕತ್ತರಿಸಿದ ಗಾಯ ಇದ್ದರೆ ಪ್ರೊಪೆಲ್ಲರ್. ಸದ್ದಿನಿಂದ ಕಿವಿಗೆ ಆದ ಪೆಟ್ಟು ಹೊರಗಿನಿಂದ ಕಾಣುವುದಿಲ್ಲ. ದೇಹ ತಾಜಾ ಇರುವಾಗಲೇ ಮರಣೋತ್ತರ ಪರೀಕ್ಷೆ ಆಗಬೇಕು, ಅದಕ್ಕೇ ಬೇಗ ಫೋನ್ ಮಾಡುವುದು.

ಜೀವ ಇದ್ದರೆ ಬಾಲ ಹಿಡಿದು ಎಳೆಯಲೇಬೇಡಿ. ನೆತ್ತಿಯ ಉಸಿರಿನ ತೂತಿಗೆ ನೀರು, ಮರಳು ಹೋಗದ ಹಾಗೆ ನೋಡಿ. ಒದ್ದೆ ಬಟ್ಟೆ ಹೊದಿಸಿ, ನೆರಳು ಮಾಡಿ, ಜನರನ್ನು ದೂರ ನಿಲ್ಲಿಸಿ.

ಒಂದು ಸಲ ಫಿನ್‌ಲೆಸ್ ಪಾರ್ಪಾಯಿಸ್ ಒಂದನ್ನು ಹತ್ತಿರದಿಂದ ನೋಡಿದ್ದೆ. ರೆಕ್ಕೆ ಇರಬೇಕಾದ ಜಾಗದಲ್ಲಿ ಬೆನ್ನಿನುದ್ದಕ್ಕೂ ಸಣ್ಣ ಸಣ್ಣ ಗುಳ್ಳೆಗಳ ಸಾಲು. ಹಲಸಿನ ಎಳೆ ಗುಜ್ಜೆಯ ಸಿಪ್ಪೆಯ ಹಾಗೆ. ಕಣ್ಣು ಒಂದು ಗೇರುಬೀಜದಷ್ಟೂ ಇರಲಿಲ್ಲ. ಎಡ ಕೈರೆಕ್ಕೆಯ ಬುಡದಲ್ಲಿ ನೈಲಾನ್ ದಾರ ಕೊರೆದ ಗೆರೆ. ನಿಂತವರಲ್ಲಿ ಒಬ್ಬರು ಅದರ ಬಾಯಿಯ ಮರಳನ್ನು ಮುಂಡಿನ ತುದಿಯಲ್ಲಿ ಒರೆಸಿದರು. ಸತ್ತು ಎಷ್ಟೋ ಹೊತ್ತಾಗಿತ್ತು.

ಗಾಳಿ ಕರೆಗೆ ಬೀಸುವ ಕಾಲದಲ್ಲಿ ದೇಹಗಳು ದಡ ಸೇರುವುದು ಸುಲಭ. ಹಾಗಾಗಿ ಒಂದು ತಿಂಗಳು ನಾಲ್ಕು ಬಂದವು ಅಂದ ಮಾತ್ರಕ್ಕೆ ಕಾಮಗಾರಿಯೇ ಕೊಂದಿತು ಅನ್ನಬೇಡಿ. ಕಂಡದ್ದನ್ನು ಬರೆದಿಡಿ. ಭಾರತದ ಕಡಲ ಸಸ್ತನಿ ಸಂಶೋಧಕರ ಜಾಲವೊಂದು ಇಂಥ ಮಾಹಿತಿಯನ್ನು ಸೇರಿಸಿಡುತ್ತದೆ, ಅಲ್ಲಿಗೂ ಕಳಿಸಬಹುದು.

ಯೋಜನೆಯನ್ನು ಬಿಡಿಸಿ ನೋಡುವುದು

"ಬಂದರು ಬಂದರೆ ಡಾಲ್ಫಿನ್‌ಗೆ ತೊಂದರೆ" ಅಂತ ಒಟ್ಟಿಗೆ ಹೇಳಿದರೆ ಅದಕ್ಕೆ ಉತ್ತರವೂ ಒಟ್ಟಿಗೇ ಬರುತ್ತದೆ: "ತೊಂದರೆ ಇಲ್ಲ". ಕಾಮಗಾರಿಯನ್ನು ತುಂಡು ತುಂಡಾಗಿ ಬಿಡಿಸಿ.

ಸದ್ದು ಮೊದಲು. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಗಾಳಿಯಲ್ಲಿ 340ರ ಹತ್ತಿರ. ಬಹಳ ದೂರವೂ ಹೋಗುತ್ತದೆ. ಡಾಲ್ಫಿನ್ ಬದುಕುವುದೇ ಸದ್ದಿನಲ್ಲಿ: ಕ್ಲಿಕ್ ಬಿಟ್ಟು, ಅದು ಮೀನಿಗೆ ತಾಗಿ ವಾಪಸ್ ಬರುವುದನ್ನು ಕೇಳಿ ಬೇಟೆ ಹಿಡಿಯುತ್ತದೆ. ಜೆಟ್ಟಿ ಕಟ್ಟಲು ಕಡಲ ತಳಕ್ಕೆ ಕಬ್ಬಿಣದ ಪೈಲ್, ಅಂದರೆ ಕಂಬ, ಹೊಡೆಯುವ ಪೆಟ್ಟು ಹತ್ತಿರದಲ್ಲಿದ್ದರೆ ಕಿವಿ ಕೆಡಿಸಬಹುದು, ದೂರದಲ್ಲಿದ್ದರೆ ಓಡಿಸಬಹುದು. ಹೂಳೆತ್ತುವ ಡ್ರೆಜ್ಜರಿನ ಸದ್ದು ಅಷ್ಟು ಜೋರಲ್ಲ, ಆದರೆ ತಿಂಗಳುಗಟ್ಟಲೆ ನಿಲ್ಲುವುದೇ ಇಲ್ಲ.

ಕೆಸರಿನ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಇದೆ. ಕೆಸರು ನೀರಿನಲ್ಲಿ ಡಾಲ್ಫಿನ್ ದಾರಿ ತಪ್ಪುವುದಿಲ್ಲ, ಅಳಿವೆಯ ಕಲಕು ನೀರಿನಲ್ಲೇ ಅದು ಬೆಳೆದದ್ದು. ತೊಂದರೆ ಅದರ ಊಟಕ್ಕೆ. ಹೂಳೆತ್ತಿದ ಮಣ್ಣನ್ನು ಎಲ್ಲಿ ಸುರಿಯುತ್ತಾರೆ, ಆ ತಳದಲ್ಲಿ ಯಾವ ಮೀನು ಮರಿ ಮಾಡುತ್ತದೆ ಅನ್ನುವುದನ್ನು ಕೇಳಬೇಕು. ಹಳೆಯ ಹೂಳಿನಲ್ಲಿ ಕೂತಿದ್ದ ವಿಷವೂ ಕಲಕಿದಾಗ ಏಳುತ್ತದೆ. ಡಿಡಿಟಿ, ಪಿಸಿಬಿಯಂಥವು ಕೊಬ್ಬಿನಲ್ಲಿ ಸೇರಿಕೊಂಡು ತಾಯಿಯ ಹಾಲಿನಲ್ಲಿ ಮರಿಗೆ ಇಳಿಯುತ್ತವೆ. ಚೊಚ್ಚಲ ಮರಿಗೆ ಎಲ್ಲರಿಗಿಂತ ಜಾಸ್ತಿ ಪಾಲು.

ಇನ್ನೊಂದು ಮರೆಯುವ ಸಂಗತಿ: ಬಂದರು ಜಾಗದಿಂದ ಓಡಿಸಿಕೊಂಡ ದೋಣಿಗಳು ಪಕ್ಕದ ನೀರಿಗೆ ಹೋಗುತ್ತವೆ. ಡಾಲ್ಫಿನ್‌ಗಳೂ ಅಲ್ಲಿಗೇ ಹೋಗುತ್ತವೆ. ಬಲೆಗೆ ಬೀಳುವುದು ಅಲ್ಲಿ ಜಾಸ್ತಿಯಾಗುತ್ತದೆ. ವರದಿಯ ಭೂಪಟದಲ್ಲಿ ಆ ಪಕ್ಕದ ನೀರು ಇರುವುದೇ ಇಲ್ಲ.

ವರದಿಯನ್ನು ಹೀಗೆ ಓದಿ

ಇಡೀ ವರದಿ ಓದಲು ಕೂತರೆ ಸುಸ್ತಾಗುತ್ತದೆ. ನೇರ ಜೀವಿಗಳ ಅಧ್ಯಾಯಕ್ಕೆ ಹೋಗಿ. ಕಡಲ ಸಸ್ತನಿಗಳನ್ನು ನೋಡಲೆಂದೇ ಎಷ್ಟು ಗಂಟೆ ಕೊಟ್ಟರು? ಯಾವ ತಿಂಗಳು? ನೋಡಿದವರಿಗೆ ಆ ಕೆಲಸ ಗೊತ್ತಿತ್ತಾ? ಕಡಲು ಹೇಗಿತ್ತು ಅಂತ ಬರೆದಿದ್ದಾರಾ? ಗಂಟೆಯ ಲೆಕ್ಕ ಇಲ್ಲದ "ಕಂಡುಬಂದಿಲ್ಲ"ಕ್ಕೆ ಬೆಲೆ ಇಲ್ಲ.

ಆಮೇಲೆ ಪ್ರಾಣಿಗಳ ಪಟ್ಟಿ ನೋಡಿ. ನಮ್ಮ ಕರೆಯಲ್ಲಿ ಕಾಣದ ಕಡಲ ಹಸು ಪಟ್ಟಿಯಲ್ಲಿದ್ದು, ಫಿನ್‌ಲೆಸ್ ಪಾರ್ಪಾಯಿಸ್ ಇಲ್ಲದಿದ್ದರೆ ಆ ಪುಟ ಬೇರೆ ಊರಿನ ವರದಿಯಿಂದ ಬಂದಿರಬಹುದು. ಆ ಪುಟದ ನಂಬರು ಗುರುತು ಹಾಕಿಕೊಳ್ಳಿ.

ಸದ್ದಿನ ಅಧ್ಯಾಯದಲ್ಲಿ ಒಂದೇ ಪ್ರಶ್ನೆ: ಅಳೆದದ್ದು ಗಾಳಿಯಲ್ಲಾ, ನೀರಿನಲ್ಲಾ? ರಸ್ತೆ ಬದಿ, ಶಾಲೆ, ಆಸ್ಪತ್ರೆ ಹತ್ತಿರ ಅಳೆದ ಡೆಸಿಬೆಲ್ ಮಾತ್ರ ಇದ್ದರೆ ಡಾಲ್ಫಿನ್ ಬಗ್ಗೆ ಅದು ಏನೂ ಹೇಳುವುದಿಲ್ಲ. ನೀರಿನ ಡೆಸಿಬೆಲ್‌ಗೆ ಮೂಲ ಅಳತೆ 1 ಮೈಕ್ರೊಪಾಸ್ಕಲ್, ಗಾಳಿಯದ್ದಕ್ಕೆ 20. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಅದು ತಪ್ಪು ಲೆಕ್ಕ.

ಕೊನೆಗೆ ಒಟ್ಟು ಪರಿಣಾಮ. ಬಡಗಿನಲ್ಲಿ ನವ ಮಂಗಳೂರು ಬಂದರಿಗೆ ಹಡಗು ಬರುತ್ತವೆ, ಇತ್ತ ಮೀನುಗಾರಿಕಾ ಬಂದರುಗಳಿವೆ, ಕಡಲ್ಕೊರೆತಕ್ಕೆ ಕಲ್ಲು ಹಾಕುತ್ತಲೇ ಇದ್ದಾರೆ. ತಲಪಾಡಿಯ ರಾಜ್ಯ ಗಡಿ ನಮಗೆ ಇರುವುದು, ಡಾಲ್ಫಿನ್‌ಗೆ ಇಲ್ಲ. ಕಾಮಗಾರಿ ಜಾಗದಿಂದ 10 ಕಿಲೋಮೀಟರ್ ಸುತ್ತು ಹಾಕಿ ಅಷ್ಟನ್ನೇ ನೋಡಿದ ವರದಿ ಇದನ್ನು ಹೇಗೆ ಲೆಕ್ಕಕ್ಕೆ ತೆಗೆದುಕೊಂಡಿತು ಅಂತ ಕೇಳಿ.

ಅಹವಾಲು ಸಭೆ: ಕನ್ನಡದಲ್ಲೇ ಕೇಳಿ

2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಕರಡು ವರದಿ ಕಲೆಕ್ಟರ್ ಕಚೇರಿ, ಪಂಚಾಯತ್ ಮುಂತಾದ ಕಡೆ ಓದಲು ಸಿಗಬೇಕು. ಸಭೆ ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಅಧ್ಯಕ್ಷತೆ ಕಲೆಕ್ಟರದ್ದು ಅಥವಾ ಅವರು ಕಳಿಸಿದ ಅಧಿಕಾರಿಯದ್ದು. ಇಡೀ ಸಭೆಯ ವಿಡಿಯೊ ಆಗಬೇಕು. ಸಣ್ಣ ಮೀನುಗಾರಿಕಾ ಬಂದರು ಈ ಪಟ್ಟಿಯಿಂದ ಹೊರಗೆ ಉಳಿಯಬಹುದು. ಆಗಲೂ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅನುಮತಿಯ ದಾಖಲೆ ಕೇಳಿ. 2019ರ ಸಿಆರ್‌ಝಡ್ ಅಧಿಸೂಚನೆಯಲ್ಲಿ 12 ನಾಟಿಕಲ್ ಮೈಲಿಯ ತನಕದ ಕಡಲೂ ಸೇರಿದೆ.

ವರದಿಯ ಸಾರಾಂಶ ಇಂಗ್ಲಿಷ್ ಜೊತೆ ಸ್ಥಳೀಯ ಭಾಷೆಯಲ್ಲಿ ಇರಬೇಕು ಅನ್ನುತ್ತದೆ ನಿಯಮ. ಮಂಜೇಶ್ವರ, ಕಾಸರಗೋಡು ತಾಲೂಕಿನ ಸ್ಥಳೀಯ ಭಾಷೆ ಕನ್ನಡವೂ ಹೌದು. 1969ರ ಕೇರಳ ಆಡಳಿತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಪ್ರಕಟಣೆ ಬಂದ ವಾರದೊಳಗೆ ಕನ್ನಡ ಸಾರಾಂಶ ಬೇಕು ಅಂತ ಅರ್ಜಿ ಕೊಡಿ. ಸಭೆಯ ದಿನ ಕೇಳಿದರೆ ತಡವಾಗುತ್ತದೆ.

ಮಾತು ಚಿಕ್ಕದಾಗಿರಲಿ, ಕೈಯಲ್ಲಿ ಕಾಗದ ಇರಲಿ. "ಇಷ್ಟನೇ ಪುಟದಲ್ಲಿ ಕಂಡುಬಂದಿಲ್ಲ ಅಂತ ಇದೆ. ನಾವು ಇದೇ ಜಾಗದಲ್ಲಿ ಇಷ್ಟು ಗಂಟೆ ನೋಡಿ ಇಷ್ಟು ಗುಂಪು ಎಣಿಸಿದ್ದೇವೆ. ಪುಸ್ತಕದ ಪ್ರತಿ ಇಲ್ಲಿದೆ." ಇಷ್ಟು ಸಾಕು. ಲಿಖಿತ ಪ್ರತಿಗೆ ಸ್ವೀಕೃತಿ ತೆಗೆದುಕೊಳ್ಳಿ. ಕೊನೆಯಲ್ಲಿ ನಡಾವಳಿಯನ್ನು ಓದಿ ಹೇಳಬೇಕು ಅನ್ನುವ ನಿಯಮ ಇದೆ. ಅದು ಮುಗಿಯುವ ತನಕ ಎದ್ದು ಹೋಗಬೇಡಿ.

ಯಾವ ಶರತ್ತು ಕೇಳಬೇಕು

ಯೋಜನೆ ನಿಲ್ಲದಿದ್ದರೂ ಶರತ್ತು ಹಾಕಿಸಬಹುದು. ಬ್ರಿಟನ್ನಿನಲ್ಲಿ ಪೈಲಿಂಗ್‌ಗೆ ಇರುವ ಮಾರ್ಗಸೂಚಿ ಹೀಗಿದೆ: ಶುರು ಮಾಡುವ ಮೊದಲು ತರಬೇತಿ ಇರುವವರು ಕನಿಷ್ಠ 30 ನಿಮಿಷ ಕಡಲು ನೋಡಬೇಕು, 500 ಮೀಟರ್ ಒಳಗೆ ಪ್ರಾಣಿ ಇದ್ದರೆ ಶುರು ಮಾಡಬಾರದು, ಪೆಟ್ಟನ್ನು 20 ನಿಮಿಷವಾದರೂ ನಿಧಾನವಾಗಿ ಏರಿಸಬೇಕು, ಇದ್ದವು ದೂರ ಹೋಗಲಿ ಅಂತ. ಜರ್ಮನಿಯಲ್ಲಿ ಪೈಲಿನಿಂದ 750 ಮೀಟರ್ ದೂರದಲ್ಲಿ ಒಂದು ಪೆಟ್ಟಿನ ಸದ್ದು 160 ಡೆಸಿಬೆಲ್ ದಾಟಬಾರದು. ಅದಕ್ಕಾಗಿ ಪೈಲಿನ ಸುತ್ತ ಗಾಳಿ ಗುಳ್ಳೆಗಳ ಪರದೆ ಎಬ್ಬಿಸುತ್ತಾರೆ. ಇದನ್ನೇ ಹೆಸರು ಹೇಳಿ ಕೇಳಿ. ರಾತ್ರಿ ಪೈಲಿಂಗ್ ಬೇಡ ಅನ್ನಿ, ಕತ್ತಲಲ್ಲಿ ಯಾರು ನೋಡುತ್ತಾರೆ? ಹಡಗು, ಬಾರ್ಜ್‌ಗಳಿಗೆ ಅಳಿವೆಯ ಹತ್ತಿರ ವೇಗದ ಮಿತಿ ಕೇಳಿ. ನೀರೊಳಗಿನ ಸದ್ದು ದಾಖಲಿಸುವ ಯಂತ್ರ ಕಾಮಗಾರಿಗೆ ಒಂದು ವರ್ಷ ಮೊದಲೇ ಇಳಿಯಲಿ.

ಅನುಮತಿ ಸಿಕ್ಕಿದ ಮೇಲೆ ಆದೇಶವನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಹುಡುಕಿ ಇಳಿಸಿಕೊಳ್ಳಿ. ಅದರ ವಿರುದ್ಧ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಲು 30 ದಿನ. ತಕ್ಕ ಕಾರಣ ಇದ್ದರೆ ಇನ್ನೂ 60 ದಿನದ ತನಕ ಸಿಗಬಹುದು, ಅದನ್ನು ನಂಬಿ ಕೂರಬೇಡಿ. ನಮಗೆ ಪೀಠ ಚೆನ್ನೈಯಲ್ಲಿದೆ. ಶರತ್ತು ಪಾಲಿಸಿದ ವರದಿಯನ್ನು ಯೋಜನೆಯವರು ಆರು ತಿಂಗಳಿಗೊಮ್ಮೆ ಕೊಡಬೇಕು, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ. ಈ ಎರಡು ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಮೊದಲ ಪೈಲ್ ಬಿದ್ದ ದಿನದ ದಿನಾಂಕವನ್ನು ನಿಮ್ಮ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದು ಕೆಳಗೆ ಗೆರೆ ಎಳೆಯಿರಿ. ಮರುದಿನ ಬೆಳಗ್ಗೆ ಅದೇ ಹೊತ್ತಿಗೆ, ಅದೇ ಮಾಳಿಗೆಗೆ, ಅದೇ ಅಳತೆಕೋಲು ಹಿಡಿದು ಹತ್ತಿ.